ತಿಳಿನೀರು ಮತ್ತು ನಮ್ಮ ಹೊಣೆ

ನೀರು ಅಲ್ಲಾಹನ ಮಹಾನುಗ್ರಹವೆಂಬ ಮಾತನ್ನು ಜುಮುಅದ ಪ್ರವಚನಗಳಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಅನುಗ್ರಹಗಳ ಕುರಿತು ನಾಳೆ ವಿಚಾರಣೆಯಿದೆ ಎಂಬ ಮಾತು ಮಾತ್ರ ಕಿವಿಯಲ್ಲಿ ನಿಲ್ಲುವುದಿಲ್ಲ. ಪಾವಗಡ, ಶಿರಾ, ಮಧುಗಿರಿ, ಕೊರಟಗೆರೆ ಕಡೆಯ ಸಹೋದರ ಸಹೋದರಿಯರೇ, ನಿಮ್ಮ ಪಾಲಿಗೆ ಆ ವಿಚಾರಣೆಯ ವಿಷಯ ಅಡುಗೆಮನೆಯ ಕೊಡದಲ್ಲೇ ಇದೆ.

ಈ ಸೀಮೆಯ ನೆಲದಡಿಯ ಬಂಡೆಗಳಲ್ಲಿ ಫ್ಲೋರೈಡ್ ಅಡಗಿದೆ. ಮಳೆ ಕಡಿಮೆಯಾಗಿ ಕೆರೆಗಳು ಬತ್ತಿದವು, ತೆರೆದ ಬಾವಿಗಳು ಒಣಗಿದವು. ನಾವು ಬೋರು ಕೊರೆಸುತ್ತಾ ಆಳಕ್ಕೆ ಇಳಿದೆವು. ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಅದನ್ನು ಕರಗಿಸಿಕೊಂಡು ಮೇಲೆ ಬರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 1.5 ಮಿಲಿಗ್ರಾಂ ಎಂಬುದು ನಮ್ಮ ದೇಶದ ಮಾನದಂಡ. ಪಾವಗಡದ ಎಷ್ಟೋ ಹಳ್ಳಿಗಳ ಬೋರಿನ ನೀರು ಇದನ್ನು ಮೀರಿದೆ. ಪಕ್ಕದ ಆಂಧ್ರದ ನೆಲ್ಲೂರಿನಲ್ಲಿ ಈ ರೋಗವನ್ನು ವೈದ್ಯರು 1937ರಲ್ಲೇ ಗುರುತಿಸಿದ್ದರು. ಪೂರ್ವ ಕರ್ನಾಟಕದ ಆಳದ ಬೋರುಗಳಲ್ಲಿ ಯುರೇನಿಯಂ ಎಂಬ ಭಾರಲೋಹವೂ ಮಿತಿ ಮೀರಿರುವುದನ್ನು ಬೆಂಗಳೂರಿನ ವಿಜ್ಞಾನಿಗಳು ಕಂಡುಕೊಂಡಿದ್ದಾರೆ.

ಒಸಡಿನೊಳಗೆ ಹಲ್ಲು ರೂಪುಗೊಳ್ಳುವ ವಯಸ್ಸಿನ ಮಕ್ಕಳು ಈ ನೀರು ಕುಡಿದರೆ ಹಲ್ಲಿಗೆ ಕಂದು ಕಲೆ ಬೀಳುತ್ತದೆ. ಎಷ್ಟು ಉಜ್ಜಿದರೂ ಅದು ಹೋಗದು. ಆದರೂ ಮಿಸ್ವಾಕ್ ಮಾಡುವುದಿಲ್ಲವೆಂದು ಆ ಮಗುವನ್ನೇ ಗದರಿಸುತ್ತೇವೆ. ಹೆಣ್ಣು ನೋಡಲು ಬಂದವರು ಹಲ್ಲು ನೋಡಿ ಎದ್ದು ಹೋಗುವುದೂ ಉಂಟು. ನೀರು ಮಾಡಿದ ತಪ್ಪಿಗೆ ಹೆಣ್ಣುಮಗಳಿಗೆ ಶಿಕ್ಷೆ! ವರ್ಷಾನುಗಟ್ಟಲೆ ಕುಡಿದವರ ಬೆನ್ನು, ಮಂಡಿ ಬಿಗಿದು ರುಕೂ, ಸುಜೂದ್‌ಗೆ ಬಾಗುವುದೇ ಕಷ್ಟವಾಗುತ್ತದೆ. ಹಾಗೆ ಬಿಗಿದ ಮೂಳೆಯನ್ನು ಮೊದಲಿನಂತೆ ಮಾಡುವ ಔಷಧಿಯಿಲ್ಲ.

ಇಲ್ಲಿ ನಾವು ಒಂದು ವಿಷಯವನ್ನು ಬಿಡಿಸಿ ತಿಳಿಯಬೇಕು. ಬಣ್ಣ, ರುಚಿ, ವಾಸನೆ ಕೆಡದ ನೀರು ವುಝೂವಿಗೆ ಶುದ್ಧವೆಂದು ನಾವು ಮದ್ರಸದಲ್ಲಿ ಕಲಿತಿದ್ದೇವೆ. ಅದು ಸರಿಯೇ. ಈ ಬೋರಿನ ನೀರಿನಲ್ಲಿ ನಿಮ್ಮ ವುಝೂ ನಿಸ್ಸಂಶಯವಾಗಿ ಸಿಂಧು. ಆದರೆ ವುಝೂವಿಗೆ ಶುದ್ಧವಾದುದೆಲ್ಲವೂ ಹೊಟ್ಟೆಗೆ ಹಿತವೆಂದು ಶರೀಅತ್ ಎಲ್ಲೂ ಹೇಳಿಲ್ಲ. ಹಾನಿ ಮಾಡಲೂ ಬಾರದು, ಹಾನಿಗೆ ಒಳಗಾಗಲೂ ಬಾರದು ಎಂಬುದು ಪ್ರವಾದಿವರ್ಯರು(ಸ) ಕಲಿಸಿದ ನಿಯಮ. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಬಟ್ಟೆಯಲ್ಲಿ ಸೋಸಿದರೆ ಹೋಗದು. ಕುದಿಸಿದರೆ ನೀರು ಆವಿಯಾಗಿ ಉಳಿದುದರಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಪರೀಕ್ಷೆ ಮಾಡಿಸದೆ ತಿಳಿಯುವ ದಾರಿಯಿಲ್ಲ. ಬೋರು ಕೊರೆಸಲು ಲಕ್ಷಗಟ್ಟಲೆ ಸುರಿದವರು ಒಂದು ಬಾಟಲಿ ನೀರನ್ನು ಪರೀಕ್ಷೆಗೆ ಕೊಡಲು ಯಾಕೆ ಹಿಂಜರಿಯಬೇಕೋ ನನಗೆ ತಿಳಿಯದು.

ಫಲಿತಾಂಶ ಗೊತ್ತಿದ್ದೂ ಮುಚ್ಚಿಡುವವನ ಮಾತು ಬೇರೆ. ಪ್ರವಾದಿವರ್ಯರು(ಸ) ಒಮ್ಮೆ ಸಂತೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟಾಗ ಬೆರಳಿಗೆ ತೇವ ತಗಲಿತು. ಮಳೆಗೆ ನೆನೆದುದು ಎಂದ ವ್ಯಾಪಾರಿಗೆ, ಜನ ನೋಡುವಂತೆ ಅದನ್ನು ಮೇಲೆಯೇ ಇಡಬೇಕಿತ್ತೆಂದರು. ಮೋಸ ಮಾಡುವವನು ತಮ್ಮವನಲ್ಲವೆಂದರು. ಕುಡಿಯಲಾಗದ ನೀರನ್ನು ಟ್ಯಾಂಕರಿನಲ್ಲಿ ತುಂಬಿ ಕುಡಿಯುವ ನೀರೆಂದು ಮಾರುವವನೂ, ಫಿಲ್ಟರ್ ಬದಲಾಯಿಸದೆ ಕ್ಯಾನ್ ತುಂಬಿಸಿ ಕೊಡುವವನೂ ಈ ಹದೀಸನ್ನು ತನ್ನ ಅಂಗಡಿಯಲ್ಲೇ ಕುಳಿತು ಯೋಚಿಸಲಿ. ಅವನು ಐದು ಹೊತ್ತು ನಮಾಝ್ ಮಾಡುವವನಾದರೆ ಇನ್ನೂ ಹೆಚ್ಚು ಯೋಚಿಸಲಿ.

ಮದೀನಾದಲ್ಲಿ ರೂಮಾ ಬಾವಿಯ ನೀರಿಗೆ ಜನ ಹಣ ತೆರುತ್ತಿದ್ದಾಗ ಹಝ್ರತ್ ಉಸ್ಮಾನ್(ರ) ಅದನ್ನು ಕೊಂಡು ಎಲ್ಲರಿಗೂ ಬಿಟ್ಟುಕೊಟ್ಟರು. ನಮ್ಮ ಜಮಾಅತ್‌ಗಳು ಮಿನಾರಕ್ಕೆ ಬಣ್ಣ ಬಳಿಸುವ ಮೊದಲು ಮಸೀದಿಯ ಚಾವಣಿಯನ್ನೊಮ್ಮೆ ನೋಡಲಿ. ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಮೊದಲ ಮಳೆಯ ಕೊಳೆ ಹರಿದುಹೋದ ಮೇಲೆ ಆ ನೀರನ್ನು ಮುಚ್ಚಿದ ತೊಟ್ಟಿಗೆ ಹಿಡಿದರೆ ಸುತ್ತಲಿನ ಮನೆಗಳ ಮಕ್ಕಳಿಗೆ, ಯಾವ ಧರ್ಮದವರೇ ಆಗಲಿ, ಕುಡಿಯಲು ಒದಗುತ್ತದೆ. ಆರ್‌.ಒ. ಘಟಕ ಹಾಕಿಸಿದ ಜಮಾಅತ್‌ಗಳು ಅದು ಹೊರಹಾಕುವ ನೀರು ಎಲ್ಲಿಗೆ ಹೋಗುತ್ತದೆಂದೂ ವಿಚಾರಿಸಲಿ. ಅದರಲ್ಲಿ ಫ್ಲೋರೈಡ್ ಮೊದಲಿಗಿಂತ ಹೆಚ್ಚಿರುತ್ತದೆ. ಅದನ್ನು ಶೌಚಾಲಯಕ್ಕೆ, ನೆಲ ತೊಳೆಯಲು ಬಳಸಬಹುದು. ದನಕರುಗಳ ತೊಟ್ಟಿಗಾಗಲಿ ಹಳೆಯ ಬಾವಿಗಾಗಲಿ ಬಿಡಬಾರದು.