ಅಭಯದಾನವೇ ದೇವಿಯ ಪೂಜೆ

ಶರನ್ನವರಾತ್ರಿಯು ಸಮೀಪಿಸಿದೊಡನೆ ಪದ್ಮನಾಭಪುರದ ಅರಮನೆಯಿಂದ ಶ್ರೀ ಸರಸ್ವತೀ ದೇವಿಯು ತಿರುವನಂತಪುರಕ್ಕೆ ಬಿಜಯಂಗೈಯುತ್ತಾಳೆ. ವೇಳಿಮಲೆಯ ಕುಮಾರಸ್ವಾಮಿಯೂ ಶುಚೀಂದ್ರದ ಮುನ್ನೂಟ್ಟಿ ನಂಗೆಯೂ ಅವಳೊಡನೆ ಬರುತ್ತಾರೆ. 1956ರ ನವೆಂಬರ್ 1ರಂದು ಪದ್ಮನಾಭಪುರವು ಮದರಾಸು ರಾಜ್ಯಕ್ಕೆ ಸೇರಿತು. ತಿರುವನಂತಪುರವು ಕೇರಳದ ರಾಜಧಾನಿಯಾಯಿತು. ಆದರೂ ದೇವಿಯ ಯಾತ್ರೆ ನಿಲ್ಲಲಿಲ್ಲ. ಇಂದಿಗೂ ಕಳಿಯಿಕ್ಕಾವಿಳದ ಗಡಿಯಲ್ಲಿ ಅವಳಿಗೆ ಗೌರವದ ಸ್ವಾಗತ ದೊರೆಯುತ್ತದೆ. ಜಗನ್ಮಾತೆಗೆ ಗಡಿಯೆಂಬುದಿಲ್ಲ.

ಅದೇ ದಿನ ಉತ್ತರದ ಕಾಸರಗೋಡು ಕೇರಳಕ್ಕೆ ಸೇರಿತು. ಅಲ್ಲಿನ ಕನ್ನಡಿಗರೂ ತುಳುವರೂ ಮಲಯಾಳಿಗಳೂ ಕಾಯಿಲೆ ಉಲ್ಬಣಿಸಿದಾಗ ನಂಬಿದ್ದು ತಲಪಾಡಿಯಾಚೆಯ ಮಂಗಳೂರಿನ ಆಸ್ಪತ್ರೆಗಳನ್ನೇ. 2020ರ ಮಾರ್ಚ್ ತಿಂಗಳಲ್ಲಿ ಕೊರೋನಾ ವ್ಯಾಧಿಯ ಭೀತಿಯಿಂದ ಕರ್ನಾಟಕವು ಆ ಗಡಿಯನ್ನು ಮುಚ್ಚಿತು; ಕೆಲವು ರಸ್ತೆಗಳಿಗೆ ಮಣ್ಣು ಸುರಿಯಲಾಯಿತು. ಸಕಾಲದಲ್ಲಿ ಚಿಕಿತ್ಸೆ ದೊರೆಯದೆ ಹಲವರು ಅಸುನೀಗಿದರೆಂದು ವರದಿಯಾಯಿತು. ಭಯವು ಸುಳ್ಳಾಗಿರಲಿಲ್ಲ, ಕಾಸರಗೋಡಿನಲ್ಲಿ ಸೋಂಕು ನಿಜವಾಗಿಯೂ ಹಬ್ಬಿತ್ತು. ಆದರೆ ಭಯಗ್ರಸ್ತನಾದ ಮನುಷ್ಯನು ಮೊದಲು ಮರೆಯುವುದು ಎದುರಿಗಿರುವವನ ನೋವನ್ನು.

ಕೊಚ್ಚಿಯಲ್ಲಿರುವ ಕೇರಳ ಉಚ್ಚ ನ್ಯಾಯಾಲಯವು 2020ರ ಏಪ್ರಿಲ್ 1ರಂದು, ತುರ್ತು ಚಿಕಿತ್ಸೆಗೆ ಹೋಗುವವರಿಗೆ ಹೆದ್ದಾರಿಯ ತಡೆ ತೆರವಾಗುವಂತೆ ನೋಡಿಕೊಳ್ಳಬೇಕೆಂದು ಕೇಂದ್ರ ಸರ್ಕಾರಕ್ಕೆ ಆದೇಶಿಸಿತು. ಇಂತಹ ತಡೆಯು ಸಂವಿಧಾನದ 21ನೆಯ ವಿಧಿಯು ನೀಡಿದ ಜೀವಿಸುವ ಹಕ್ಕಿಗೆ ಭಂಗವೆಂದಿತು. ಏಪ್ರಿಲ್ 7ರಂದು ಸರ್ವೋಚ್ಚ ನ್ಯಾಯಾಲಯದ ಮುಂದೆ, ರೋಗಿಗಳು ತಲಪಾಡಿಯನ್ನು ದಾಟಲು ಒಂದು ಕ್ರಮವು ಒಪ್ಪಿತವಾಗಿದೆಯೆಂದು ತಿಳಿಸಲಾಯಿತು. ಅದೇ ವಾರ ತಿರುವನಂತಪುರದ ವೈದ್ಯಕೀಯ ಕಾಲೇಜಿನ ವೈದ್ಯರೂ ದಾದಿಯರೂ 500 ಕಿಲೋಮೀಟರಿಗೂ ಮೀರಿದ ದಾರಿಯನ್ನು ಕ್ರಮಿಸಿ, ಕಾಸರಗೋಡಿನ ಉಕ್ಕಿನಡ್ಕದಲ್ಲಿ ಕೊರೋನಾ ಚಿಕಿತ್ಸಾಲಯವನ್ನು ಸಜ್ಜುಗೊಳಿಸಲು ಬಂದರು. ಅವರಿಗೂ ಪ್ರಾಣಭಯವಿತ್ತು; ಆದರೂ ಬಂದರು.

ಕನ್ನಡ ನಾಡಿನ ಜೈನ ಪರಂಪರೆಯು ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳನ್ನು ಹೇಳಿತು. ಅನ್ನದೊಡನೆ ಔಷಧವನ್ನೂ ಔಷಧದೊಡನೆ ಅಭಯವನ್ನೂ ಎಣಿಸಿದ ಹಿರಿಯರ ವಿವೇಕ ದೊಡ್ಡದು. ಆದರೆ ದಾನವೆಂಬ ಮಾತಿನಲ್ಲಿ ಒಂದು ಅಪಾಯವೂ ಉಂಟು: ಕೊಡುವವನು ತನ್ನನ್ನು ದೊಡ್ಡವನೆಂದು ಬಗೆದಾನು. ಅದಕ್ಕೆಂದೇ ಶಾಸ್ತ್ರವು ಋಣವೆಂಬ ಇನ್ನೊಂದು ಮಾತನ್ನೂ ಕೊಟ್ಟಿದೆ. ಮನುಷ್ಯನು ಹುಟ್ಟುವಾಗಲೇ ಋಣಿ. ಸಾಲಕೊಟ್ಟವನು ಬಾಗಿಲಿಗೆ ಬಂದರೆ ಅವನು ಯಾಚಕನಲ್ಲ. ತನ್ನದನ್ನು ಕೇಳಲು ಬಂದವನು. ಚಿಕಿತ್ಸೆಗಾಗಿ ಬಂದ ರೋಗಿಯೂ ಹಾಗೆಯೇ. ಧರ್ಮವು ಋಣವೆಂದುದನ್ನೇ ಸಂವಿಧಾನವು ಹಕ್ಕು ಎಂದಿದೆ.

ದೇವಿಯ ಒಂದು ಕೈಯಲ್ಲಿ ಆಯುಧ, ಮತ್ತೊಂದು ಕೈಯಲ್ಲಿ ಅಭಯಮುದ್ರೆ. ಆಯುಧಪೂಜೆಯಂದು ರೋಗಿಗಳನ್ನು ಒಯ್ಯುವ ವಾಹನಕ್ಕೂ ಕುಂಕುಮವಿಟ್ಟು ಚೆಂಡುಹೂವಿನ ಮಾಲೆ ತೊಡಿಸುವುದುಂಟು. ಆ ವಾಹನದ ಮುಂದಿನ ದಾರಿಯನ್ನು ತೆರೆದಿಡುವುದೇ ಅದರ ನಿಜವಾದ ಪೂಜೆ. ಗಡಿಯನ್ನು ದಾಟಿ ಬರುವ ತಾಯಿಗೆ ತಲೆಬಾಗುವ ಭಕ್ತರು, ಗಡಿಯಲ್ಲಿ ನಿಂತ ರೋಗಿಯಲ್ಲಿಯೂ ಅವಳನ್ನೇ ಕಾಣುವಂತಾಗಲಿ. ಸರ್ವೇ ಜನಾಃ ಸುಖಿನೋ ಭವಂತು.