ಹೊರಡು ಎಂದಾಗ ಹೊರಟವರು



ಮೆಟ್ಟಿಲು ಹತ್ತಿ ದಣಿದಿದ್ದೀರಿ. ಸ್ವಲ್ಪ ಕೂತು ಈ ಪುಟ ಓದಿ.

ಸಂತ ಫ್ರಾನ್ಸಿಸ್ ಝೇವಿಯರರು ಭಾರತಕ್ಕೆ ಬರಬೇಕಾದವರೇ ಅಲ್ಲ. ನೇಮಕವಾಗಿದ್ದವರು ಅವರ ಸಂಗಡಿಗರಾದ ಬೊಬದಿಲ್ಲ. ಅವರು ಕಾಯಿಲೆ ಬಿದ್ದರು. 1540ರ ಮಾರ್ಚಿನಲ್ಲಿ, ರೋಮ್ ನಗರದಲ್ಲಿ, ಸಂತ ಇಗ್ನೇಷಿಯಸರು ಝೇವಿಯರರನ್ನು ಕರೆದು ಕೇಳಿದರು. ಇವರು ಹರಿದ ಬಟ್ಟೆಗೆ ಹೊಲಿಗೆ ಹಾಕಿಕೊಂಡು ಹೊರಟೇಬಿಟ್ಟರು.

1541ರ ಏಪ್ರಿಲ್ 7ರಂದು ಲಿಸ್ಬನ್‌ನಿಂದ ಹಡಗು ಬಿಟ್ಟಿತು. ಗೋವಾ ಮುಟ್ಟಿದ್ದು 1542ರ ಮೇ 6ಕ್ಕೆ. ಹದಿಮೂರು ತಿಂಗಳು! ಹೊರಟದ್ದು ಶುಭಸಂದೇಶ ಸಾರುವುದಕ್ಕೆ. ದೇವರು ಮೊದಲು ಕೊಟ್ಟ ಕೆಲಸ ಹಡಗಿನ ರೋಗಿಗಳ ಆರೈಕೆ. ಆಳು ಕೊಡುತ್ತೇವೆಂದರೂ ಬೇಡವೆಂದು ತಮ್ಮ ಬಟ್ಟೆ ತಾವೇ ಒಗೆದುಕೊಂಡರು. ಗೋವಾದಲ್ಲೂ ಇಳಿದುಕೊಂಡದ್ದು ಆಸ್ಪತ್ರೆಯಲ್ಲೇ. ಅದೇ ವರ್ಷ ತೂತುಕುಡಿ ಕಡೆಯ ಮುತ್ತಿನ ಕರಾವಳಿಗೆ ಹೋದಾಗ ತಮಿಳು ಬಾರದು. ಭಾಷೆ ಬಲ್ಲವರ ಸಹಾಯದಿಂದ ಪ್ರಾರ್ಥನೆಗಳನ್ನು ಬಾಯಿಪಾಠ ಮಾಡಿಕೊಂಡರು. ಕಲಿಸಲು ಬಂದವರು ಮೊದಲು ತಾವೇ ಕಲಿತರು.

ನಾನು ಆಫೀಸಿನಲ್ಲಿ ರಸೀದಿ ಬರೆಯುವವನು. ಒಂದು ದಿನ ಬಲಿಪೂಜೆಗೆ ಹೊತ್ತಾಯಿತೆಂದು ಕಿಟಕಿ ಮುಂದೆ ನಿಂತಿದ್ದ ಅಜ್ಜಿಯನ್ನು "ಆಮೇಲೆ ಬಾರಮ್ಮ" ಎಂದು ಕಳಿಸಿಬಿಟ್ಟೆ. ಪೂಜೆಯಲ್ಲಿ ಕೂತರೂ ಮನಸ್ಸು ನಿಲ್ಲಲಿಲ್ಲ. ವಾಪಸ್ ಬಂದು ಹುಡುಕಿದೆ. ಆಕೆ ಬೆಟ್ಟ ಇಳಿದಾಗಿತ್ತು. ಏನು ಕೇಳಲು ಬಂದಿದ್ದರೋ, ಇವತ್ತಿಗೂ ಗೊತ್ತಿಲ್ಲ.

ವಿಶ್ವಾಸ ಅಂದರೆ ಸಮುದ್ರ ದಾಟೋದಷ್ಟೇ ಅಲ್ಲ, ಪಕ್ಕದಲ್ಲಿ ನಿಂತವರನ್ನು ದಾಟಿ ಹೋಗದೆ ಇರೋದು. ಇಳಿಯುವಾಗ ಮೆಟ್ಟಿಲ ಮೇಲೆ ಏದುಸಿರು ಬಿಡುತ್ತಾ ಯಾರಾದರೂ ಕೂತಿದ್ದರೆ ನಿಲ್ಲಿ, ಒಂದು ಗುಟುಕು ನೀರು ಕೊಡಿ. ಬಸ್ಸು ಇನ್ನೊಂದು ಸಿಗುತ್ತದೆ.

ದೇವರು ನಿಮ್ಮನ್ನು ಆಶೀರ್ವದಿಸಲಿ.