ಆಸ್ಪತ್ರೆಯ ಕಚೇರಿಗೆ ಸಂದರ್ಶನಕ್ಕೆ ಹೋಗುವವನು

ಆದಿ ಸಭೆಯವರು ಆಡಳಿತದ ಕೆಲಸಕ್ಕೆ ಜನರನ್ನು ಆರಿಸಿಕೊಂಡ ಸಂಗತಿಯು ಅಪೊಸ್ತಲರ ಕೃತ್ಯಗಳ 6ನೆಯ ಅಧ್ಯಾಯದಲ್ಲಿ ಉಂಟು. ದಿನದಿನದ ಹಂಚಿಕೆಯಲ್ಲಿ ಗ್ರೀಕ್ ಭಾಷೆಯವರ ವಿಧವೆಯರು ಬಿಟ್ಟುಹೋಗುತ್ತಿದ್ದದರಿಂದ ಗೊಣಗಾಟವೆದ್ದಿತು. ಆಗ ಏಳು ಮಂದಿಯನ್ನು ನೇಮಿಸಿದರು. ಅವರಲ್ಲಿ ನೋಡಿದ್ದು ಒಳ್ಳೇ ಹೆಸರು, ದೇವರಾತ್ಮ, ವಿವೇಕ. ಊಟ ಹಂಚುವದಕ್ಕೆ ಇಷ್ಟೆಲ್ಲಾ ಬೇಕೋ ಎನ್ನುವವರು ಯಾವದಾದರೂ ಆಸ್ಪತ್ರೆಯ ಚೀಟಿ ಬರೆಯುವ ಕಿಟಕಿಯ ಮುಂದೆ ಒಂದು ಮುಂಜಾನೆ ನಿಂತು ನೋಡಲಿ.

ತುರುವೇಕೆರೆಯ ಕಡೆಯ ಯೌವನಸ್ಥನೊಬ್ಬನು ಕಳೆದ ತಿಂಗಳು ನಮ್ಮ ಬಳಿಗೆ ಬಂದನು. ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ನಾಲ್ಕು ವರುಷದಿಂದ ಲೆಕ್ಕ ಬರೆಯುವವನು. ಆಸ್ಪತ್ರೆಯೊಂದರ ಆಡಳಿತ ಕಚೇರಿಯಿಂದ ಅವನಿಗೆ ಸಂದರ್ಶನದ ಕರೆ ಬಂದಿತ್ತು. “ಅಯ್ಯನವರೇ, ಆಸ್ಪತ್ರೆಯಲ್ಲಿ ಕೆಲಸಮಾಡಿ ಗೊತ್ತುಂಟೆಂದು ಹೇಳಲೋ? ಮಂಡಿಯ ಗುಮಾಸ್ತನೆಂದರೆ ನಗುವರು” ಅಂದನು.

ನಿಮ್ಮ ಮನೆಯ ಅಟ್ಟವನ್ನು ನೆನಸಿಕೋ, ಅಂದೆವು. ತಿಂಗಳುಗಟ್ಟಲೆ ಒಣಗಿದ ಕಾಯನ್ನು ನಿನ್ನ ತಂದೆಯವರು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವರು. ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಅಂದರೆ ಸುಲಿದು ಒಡೆಯುವರು. ಸದ್ದಿಲ್ಲದಿದ್ದರೆ ಮತ್ತೆ ಅಟ್ಟಕ್ಕೇ. ಮೇಜಿನ ಆಚೆ ಕೂತವರೂ ಪ್ರಶ್ನೆಗಳಿಂದ ಹಾಗೆಯೇ ಅಲ್ಲಾಡಿಸುವರು. ಮಾಡದ್ದನ್ನು ಮಾಡಿದೆನೆಂದರೆ ಎರಡನೆಯ ಪ್ರಶ್ನೆಗೇ ಬಯಲಾಗುವದು. ರೈತನ ಕಣ್ಣೆದುರಿಗೇ ತೂಕ ಬರೆದದ್ದನ್ನೂ, ಹಣಕ್ಕೂ ಪುಸ್ತಕಕ್ಕೂ ತಾಳೆಯಾಗುವ ತನಕ ಮನೆಗೆ ಹೋಗದೆ ಇದ್ದದ್ದನ್ನೂ ಹೇಳು.

ಅವನ ಎರಡನೆಯ ಪ್ರಶ್ನೆಯು ಭಾರವಾದದ್ದು. “ರೋಗಿ ಸತ್ತು ಬಾಕಿ ಉಳಿದರೆ ಶವವನ್ನು ಬಿಡುವೆಯಾ ಎಂದು ಕೇಳುವರಂತೆ. ಬಿಡುವೆನೆಂದರೆ ಹಣ ಕಾಯಲಾರದವನೆಂದು ತಳ್ಳಿಬಿಟ್ಟರೆ?”

ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯಿದೆಗೆ 2017ರಲ್ಲಿ ಮಾಡಿದ ತಿದ್ದುಪಡಿಯ ಪ್ರಕಾರ ಬಾಕಿಗಾಗಿ ಶವವನ್ನು ತಡೆಯಕೂಡದು. ಹಣವನ್ನು ಆಮೇಲೆ ವಸೂಲುಮಾಡಿಕೊಳ್ಳಬಹುದು. ಇದನ್ನು ಹೇಳುವವನು ಶವವನ್ನೂ ಆಸ್ಪತ್ರೆಯನ್ನೂ ಕಾಯುವನು. ಆದರೆ ಅಷ್ಟಕ್ಕೇ ನಿಲ್ಲಬಾರದು. 2018ರಲ್ಲಿ ಒಂದಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡತನದ ರೇಖೆಯ ಕೆಳಗಿನ ಕುಟುಂಬಕ್ಕೆ ವರುಷಕ್ಕೆ 5 ಲಕ್ಷ ರೂಪಾಯಿಯ ತನಕ ಚಿಕಿತ್ಸೆಯುಂಟು. ಪಡಿತರ ಚೀಟಿಯನ್ನೂ ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರವನ್ನೂ ಮೊದಲನೆಯ ದಿನವೇ ಕೇಳಿ ಸರಿಪಡಿಸಿದರೆ ಕಡೆಗೆ ಬಾಕಿಯ ಜಗಳ ಎಷ್ಟೋ ಕಡಿಮೆಯಾಗುವದು. ಕಿಟಕಿಯಲ್ಲಿದ್ದವನು ಈ ಒಂದು ಮಾತು ಕೇಳದೆ ಹೋದದ್ದಕ್ಕೆ ಸಂಸಾರವೊಂದು ತೋಟವನ್ನು ಒತ್ತೆಯಿಟ್ಟದ್ದನ್ನು ನಾವು ಕಂಡಿದ್ದೇವೆ. ಆ ವಿಧವೆಯರೂ ಹೀಗೆಯೇ, ಯಾರ ದ್ವೇಷದಿಂದಲೂ ಅಲ್ಲದೆ, ಬಿಟ್ಟುಹೋಗಿರಬೇಕು.

ನೆಹೆಮೀಯನ ಸಂಗತಿಯನ್ನೂ ಅವನಿಗೆ ಓದಿಸಿದೆವು. ನಿನಗೇನು ಬೇಕೆಂದು ಅರ್ತಷಸ್ತ ರಾಜನು ಕೇಳಿದಾಗ ಅವನು ಮೊದಲು ಪ್ರಾರ್ಥಿಸಿ ಆಮೇಲೆ ಬಾಯಿ ತೆರೆದನು. ಎಷ್ಟು ಕಾಲ ಹಿಡಿಯುವದೆಂದು ಹೇಳಿದನು. ಮರಕ್ಕಾಗಿ ಪತ್ರವನ್ನೂ ಬೇಡಿದನು. ಆದಕಾರಣ ಸ್ವಲ್ಪ ಸುಮ್ಮನಿದ್ದು ಉತ್ತರ ಕೊಡುವದು ಅವಮಾನವಲ್ಲ. ಸಂಬಳವೆಷ್ಟು, ರಾತ್ರಿ ಪಾಳಿಯುಂಟೋ ಎಂದು ಕಡೆಯಲ್ಲಿ ಕೇಳುವದೂ ತಪ್ಪಲ್ಲ. (ನಮ್ಮ ಹಳ್ಳಿಯವರು ಆಗ ನಾಚಿಕೊಂಡು ಆಮೇಲೆ ವರುಷವೆಲ್ಲಾ ಗೊಣಗುವರು.)

ಅವನು ಮೊದಲನೆಯ ಬಸ್ಸಿಗೆ ಹೋಗಿಬಂದನು. ಶವದ ಪ್ರಶ್ನೆಯನ್ನು ಕೇಳಿಯೇ ಕೇಳಿದರಂತೆ. ಇವನು ಕಾಯಿದೆಯನ್ನೂ ಹೇಳಿದನು, ಮೊದಲ ದಿನದ ಕಾಗದಗಳನ್ನೂ ಹೇಳಿದನು. ಒಬ್ಬರು ತಲೆಯಾಡಿಸಿದರು; ಇನ್ನೊಬ್ಬರು ಮುಖವೆತ್ತದೆ ಏನೋ ಬರೆದುಕೊಂಡರು. ಉತ್ತರ ಇನ್ನೂ ಬಂದಿಲ್ಲ. ಅವನು ಮಂಡಿಯಲ್ಲೇ ಲೆಕ್ಕ ಬರೆಯುತ್ತಿದ್ದಾನೆ. ಭಾನುವಾರದ ಪ್ರಾರ್ಥನೆಯಲ್ಲಿ ಅವನನ್ನು ನೆನಸಿರಿ.